ಸೆಪ್ಟೆಂಬರ್ ಎಲ್ಕ್ ಬೇಟೆಗೆ ಬಟ್ಟೆ ಮತ್ತು ಟೆಂಟು: ನನ್ನ ಪ್ಯಾಕಿನ ಲೆಕ್ಕ

ಅಮೆರಿಕದ ಕೊಲೊರಾಡೊದಲ್ಲಿ ಬಿಲ್ಲಿನಿಂದ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡುವ ಹಂಗಾಮು ಸೆಪ್ಟೆಂಬರ್ ತಿಂಗಳಿನದು. ಸ್ಯಾನ್ ಹ್ವಾನ್ ಪರ್ವತಗಳಲ್ಲಿ ಹತ್ತು ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಆಗ ಮಧ್ಯಾಹ್ನ 20 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಬೆಳಗಿನ ಜಾವ ಬಾಟಲಿಯ ನೀರು ಹೆಪ್ಪುಗಟ್ಟುತ್ತದೆ. ಊಟದ ಹೊತ್ತು ಕಳೆದರೆ ಗುಡುಗು, ಆಲಿಕಲ್ಲು. ತಿಂಗಳ ಕೊನೆಯಲ್ಲಿ ಹಿಮವೂ ಬೀಳಬಹುದು. ಇಷ್ಟಕ್ಕೂ ಒಂದೇ ಪ್ಯಾಕ್ ಸಾಲಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆಗೆ ಜಾಗವೇ ಇಲ್ಲ. ಇದನ್ನು ಬರೆಯುತ್ತಿರುವುದು ಇಲ್ಲಿ ಕೊಲೊರಾಡೊದಲ್ಲಿ ಪರವಾನಗಿ ಪಡೆದು ಬಿಲ್ಲು ಹಿಡಿಯುವ ಕನ್ನಡಿಗರಿಗೆ.

ಬಟ್ಟೆಯ ವಿಷಯದಲ್ಲಿ ನಾನು ಮೊದಲು ಯೋಚಿಸುವುದು ಬೆವರಿನ ಬಗ್ಗೆ, ಚಳಿಯ ಬಗ್ಗೆ ಆಮೇಲೆ. 20 ಕೆ.ಜಿ. ಹೊತ್ತು ಎರಡು ಸಾವಿರ ಅಡಿ ಏರಿದರೆ ಎಂಥ ಚಳಿಯಲ್ಲೂ ಬೆನ್ನು ತೊಯ್ಯುತ್ತದೆ. ಏರಿ ಕೂತ ಹತ್ತು ನಿಮಿಷಕ್ಕೆ ಗಾಳಿ ಬೀಸಿ ನಡುಕ ಶುರು. ಅದಕ್ಕೇ ಹೊರಡುವಾಗ ಚಳಿ ಅನಿಸುವಷ್ಟೇ ಹಾಕಿಕೊಳ್ಳುತ್ತೇನೆ: ಚದರ ಮೀಟರಿಗೆ 150 ಗ್ರಾಂ ತೂಗುವ ಮೆರಿನೊ ಉಣ್ಣೆಯ ತುಂಬುತೋಳಿನ ಅಂಗಿ, ಅಸ್ತರಿಲ್ಲದ ತೆಳು ನೈಲಾನ್ ಪ್ಯಾಂಟು. ಹತ್ತಿ ಬಟ್ಟೆ ಒಳಚಡ್ಡಿಯಲ್ಲೂ ಬೇಡ, ಒದ್ದೆಯಾದರೆ ಸಂಜೆಯವರೆಗೂ ಆರುವುದಿಲ್ಲ. ಮೆರಿನೊ ನಿಧಾನಕ್ಕೆ ಒಣಗುತ್ತದೆ ನಿಜ, ಆದರೆ ಐದನೇ ದಿನವೂ ಅಷ್ಟಾಗಿ ನಾರುವುದಿಲ್ಲ.

ಇನ್ನು ಪ್ಯಾಕಿನೊಳಗೆ ಹೋಗುವವು. ಗ್ರಿಡ್ ಫ್ಲೀಸ್ (ಒಳಗೆ ಚೌಕುಳಿಯಿರುವ ಮೆತ್ತನೆ ಬೆಚ್ಚನೆಯ ಅಂಗಿ) 300 ಗ್ರಾಂ, ಟೋಪಿ ಇರುವ ಪಫಿ (ಒಳಗೆ ಎಳೆ ತುಂಬಿದ ಉಬ್ಬು) ಜಾಕೆಟ್ 350, ಮಳೆ ಜಾಕೆಟ್ 350, ಮಳೆ ಪ್ಯಾಂಟು 250, ಮಲಗಲು ಮಾತ್ರ ಇಟ್ಟ ಮೆರಿನೊ ಉದ್ದ ಚಡ್ಡಿ 170, ಒಂದು ಜೊತೆ ಕಾಲುಚೀಲ, ಉಣ್ಣೆ ಟೋಪಿ, ತೆಳು ಕೈಗವಸು. ಎಲ್ಲ ಸೇರಿ 1.7 ಕೆ.ಜಿ.ಯೊಳಗೆ. ಎರಡನೇ ಪ್ಯಾಂಟು, ಎರಡನೇ ಅಂಗಿ ಒಯ್ಯುವುದಿಲ್ಲ. ಒದ್ದೆ ಅಂಗಿಯನ್ನು ಮೈಮೇಲೆಯೇ ಒಣಗಿಸುತ್ತೇನೆ: ಮೇಲೆ ಫ್ಲೀಸ್, ಅದರ ಮೇಲೆ ಪಫಿ ಹಾಕಿ ಇಪ್ಪತ್ತು ಮೂವತ್ತು ನಿಮಿಷ ನಿಧಾನ ನಡೆದರೆ ಮೈಶಾಖಕ್ಕೆ ಹಬೆ ಹೊರಗೆ ಬರುತ್ತದೆ. ಇಲ್ಲಿ ಸಿಂಥೆಟಿಕ್ ಪಫಿಯೇ ಸರಿ. ಡೌನ್, ಅಂದರೆ ಹಕ್ಕಿಯ ಮೆದು ತುಪ್ಪುಳು, ಹಗುರ, ಆದರೆ ಆ ಹಬೆ ಹೀರಿ ಗಂಟುಗಟ್ಟಿ ಉಬ್ಬು ಕಳೆದುಕೊಳ್ಳುತ್ತದೆ.

ಬಿಲ್ಲುಗಾರನಿಗೆ ಇನ್ನೆರಡು ತೊಂದರೆಗಳಿವೆ. ಉಬ್ಬಿದ ಪಫಿ ತೋಳಿಗೆ ಹೆದೆ ತಾಗಿದರೆ ಬಾಣ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಬಿಲ್ಲು ಹಿಡಿವ ಕೈಗೆ ಆರ್ಮ್ ಗಾರ್ಡ್ ಬೇಕು, ಎಲ್ಲ ಪದರ ಹಾಕಿಕೊಂಡೇ ಮನೆಯಲ್ಲಿ ಅಭ್ಯಾಸ ಮಾಡಬೇಕು. ಎರಡನೆಯದು ಸದ್ದು. ಮಳೆ ಜಾಕೆಟ್ಟಿನ ಚರಚರ ಮೂವತ್ತು ಮೀಟರಿನಲ್ಲಿ ನಿಂತ ಎಲ್ಕಿಗೆ ಕೇಳುತ್ತದೆ. ಮಳೆ ಸುರಿಯುವಾಗ, ಗಾಳಿ ಬೀಸುವಾಗ ಅದನ್ನು ತೊಡಬಹುದು. ನಿಂತ ಮೇಲೆ ತೆಗೆದು ಫ್ಲೀಸ್ ತೊಡಿ. ಬಂದೂಕಿನ ಪರವಾನಗಿಯವರಿಗೆ ಇಲ್ಲಿ 500 ಚದರ ಇಂಚು ಮಿನುಗು ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಡ್ಡಾಯ. ಮಜಲ್‌ಲೋಡರ್ (ನಳಿಗೆಯ ಬಾಯಿಂದ ಮದ್ದು ತುಂಬುವ) ಬಂದೂಕಿನವರು ಅದೇ ಕಾಡಿನಲ್ಲಿರುವ ದಿನಗಳಲ್ಲಿ, ನಡೆದು ಹೋಗುವಾಗ ನಾನೂ ಕಿತ್ತಳೆ ಟೋಪಿ ಹಾಕುತ್ತೇನೆ.

ಟೆಂಟು, ಹಾಸಿಗೆ ಸೇರಿ 2.5 ಕೆ.ಜಿ. ಚಾರಣದ ಕೋಲನ್ನೇ ಕಂಬ ಮಾಡಿ ನಿಲ್ಲಿಸುವ, ನೆಲವಿಲ್ಲದ ಒಂಟಿ ಪದರದ ಪಿರಮಿಡ್ ಟೆಂಟು 900 ಗ್ರಾಂ, ಎಂಟು ಗೂಟ, ತೆಳು ನೆಲಹಾಸು, 800 ಗ್ರಾಂನ ಡೌನ್ ಕ್ವಿಲ್ಟ್ (ಹೊದಿಕೆ), ಆರ್ ಮೌಲ್ಯ (ನೆಲದ ಚಳಿ ತಡೆಯುವ ಅಳತೆ) 4 ಇರುವ ಗಾಳಿ ಮ್ಯಾಟ್. ಕ್ವಿಲ್ಟಿನ ಮೇಲೆ ಮೈನಸ್ 7 ಎಂದು ಬರೆದಿದ್ದರೂ ಅಷ್ಟು ಚಳಿಯಲ್ಲಿ ಹಾಯಾಗಿ ನಿದ್ದೆ ಬರುತ್ತದೆಂದು ನಂಬಬೇಡಿ. ಮೈನಸ್ 2ರವರೆಗೆ ಸುಖ, ಆಮೇಲೆ ಪಫಿ ತೊಟ್ಟು ಮಲಗಬೇಕು. ಮಧ್ಯಾಹ್ನದ ಬಿಸಿಲಿಗೆ ಕ್ವಿಲ್ಟನ್ನು ಅರ್ಧ ಗಂಟೆ ಹರವಿ. ಮೈಯ ತೇವ ದಿನದಿನಕ್ಕೂ ಸೇರಿ ನಾಲ್ಕನೇ ರಾತ್ರಿಗೆ ಅದು ತೆಳ್ಳಗಾಗಿರುತ್ತದೆ.

ಒಂಟಿ ಪದರದ ಟೆಂಟಿನೊಳಗೆ ಉಸಿರಿನ ನೀರು ಹನಿಯುತ್ತದೆ. ಅಂಚನ್ನು ನೆಲದಿಂದ ನಾಲ್ಕು ಬೆರಳು ಎತ್ತಿ ಕಟ್ಟಿ, ತುದಿಯ ಕಿಂಡಿ ತೆರೆದಿಡಿ, ಚಳಿಯೆಂದು ಮುಚ್ಚಬೇಡಿ. ಮೊದಲು ನಾಲ್ಕು ಮೂಲೆಗಳನ್ನು ಸಮ ಚೌಕಕ್ಕೆ ಹೊಡೆಯಿರಿ, ಆಮೇಲೆ ಕಂಬ, ಕೊನೆಗೆ ಬದಿಯ ಹಗ್ಗಗಳು. ಸಿಲ್‌ನೈಲಾನ್ (ಸಿಲಿಕೋನ್ ಲೇಪಿಸಿದ ಟೆಂಟಿನ ನೈಲಾನ್) ನೆನೆದರೆ ಹಿಗ್ಗಿ ಜೋಲುತ್ತದೆ, ಮಲಗುವ ಮುಂಚೆ ಇನ್ನೊಮ್ಮೆ ಬಿಗಿಯಬೇಕು. ಕಲ್ಲುನೆಲದಲ್ಲಿ ಗೂಟ ಬಾಗುತ್ತದೆ. ಹಗ್ಗವನ್ನು ಒಂದು ಕಟ್ಟಿಗೆ ತುಂಡಿಗೆ ಸುತ್ತಿ, ಅದರ ಮೇಲೆ ದೊಡ್ಡ ಕಲ್ಲು ಹೇರಿದರೆ ಗಾಳಿಗೂ ಕದಲುವುದಿಲ್ಲ.

ಜಾಗ ಹುಡುಕುವುದು ಇದೆಲ್ಲಕ್ಕಿಂತ ಕಷ್ಟ. ಇಲ್ಲಿನ ಸ್ಪ್ರೂಸ್ ಮರಗಳನ್ನು ದುಂಬಿ ತಿಂದು ಇಡೀ ಇಳಿಜಾರುಗಳೇ ನಿಂತಲ್ಲೇ ಸತ್ತಿವೆ. ಟೆಂಟಿನ ಸುತ್ತ ಒಂದು ಮರದ ಎತ್ತರದಷ್ಟು ದೂರದಲ್ಲಿ ಸತ್ತ ಮರ ಇರಕೂಡದು, ಮೇಲೆ ನೋಡದೆ ಗೂಟ ಹೊಡೆಯಬೇಡಿ. ರಾತ್ರಿ ತಣ್ಣನೆ ಗಾಳಿ ಇಳಿದು ಹುಲ್ಲುಗಾವಲಿನ ತಳದಲ್ಲಿ ನಿಲ್ಲುತ್ತದೆ. ನೂರಿನ್ನೂರು ಅಡಿ ಮೇಲಿದ್ದರೆ ಬೆಚ್ಚಗೆ, ಒಣಗಿ ಇರಬಹುದು. ಆದರೆ ಎಲ್ಕ್ ರಾತ್ರಿ ಮೇಯುವುದೂ ಆ ಹುಲ್ಲುಗಾವಲಿನಲ್ಲೇ, ಇಳಿಯುವ ಗಾಳಿ ನಿಮ್ಮ ವಾಸನೆಯನ್ನು ನೇರ ಅದರ ಮೂಗಿಗೆ ಮುಟ್ಟಿಸುತ್ತದೆ. ನಾನು ದಿಣ್ಣೆಯ ಆಚೆ ಬದಿಯಲ್ಲಿ, ಬೇರೆ ಹಳ್ಳಕ್ಕೆ ಇಳಿಯುವ ಕಡೆ, ನೀರಿನಿಂದ 200 ಅಡಿಯಾದರೂ ದೂರ ಬಿಡಾರ ಹೂಡುತ್ತೇನೆ. ಬೆಳಿಗ್ಗೆ ಅರ್ಧ ಗಂಟೆ ಹೆಚ್ಚು ನಡೆಯಬೇಕು, ನಡೆಯುತ್ತೇನೆ.

ತೂಕದಲ್ಲಿ ಇಷ್ಟು ಜಿಪುಣತನಕ್ಕೆ ಕಾರಣ ವಾಪಸು ಬರುವ ಹೊರೆ. ದೊಡ್ಡ ಗಂಡು ಎಲ್ಕಿನ ಮೂಳೆ ಬಿಡಿಸಿದ ಮಾಂಸವೇ 80 ಕೆ.ಜಿ. ದಾಟಬಹುದು, ಒಬ್ಬರೇ ಇದ್ದರೆ ಮೂರು ನಾಲ್ಕು ಸಲ ಹೊರಬೇಕು. ಅದಕ್ಕೇ 300 ಗ್ರಾಂನ ಒಂದು ಟಾರ್ಪನ್ನು ಮಾತ್ರ ಹೆಚ್ಚುವರಿಯಾಗಿ ಒಯ್ಯುತ್ತೇನೆ. ಹತ್ತಿದ ಜಾಗದಲ್ಲಿ ಮಳೆ ಬಂದರೆ ಕೆಳಗೆ ಕೂರಬಹುದು, ಬೇಟೆ ಸಿಕ್ಕರೆ ನೇತುಹಾಕಿದ ಮಾಂಸದ ಮೇಲೆ ಗಾಳಿಯಾಡುವಂತೆ ಎತ್ತರಕ್ಕೆ ಕಟ್ಟಬಹುದು. ನೆನೆದ ಮಾಂಸ ಬೇಗ ಕೆಡುತ್ತದೆ. ಕರಡಿ ಬರುವುದರಿಂದ ಮಾಂಸವನ್ನು ಟೆಂಟಿನಿಂದ ನೂರು ಮೀಟರಾದರೂ ದೂರ, ನೆರಳಿರುವ ಇಳಿಜಾರಿನಲ್ಲಿ ಕಟ್ಟಿ. ಮೊದಲ ಹೊರೆಯ ಜೊತೆಗೇ ಟೆಂಟು ಕೆಳಗಿಳಿಸಬೇಡಿ. ಕೊನೆಯ ಹೊರೆಗೆ ಏರುವಾಗ ಕತ್ತಲಾದರೆ ಮಲಗಲು ಅದು ಮೇಲೆಯೇ ಇರಬೇಕು.