ಕಲಬುರಗಿ ಬಕೆಟ್‌ನಲ್ಲಿ ಕಲಿತ ಪಾಠ, ಕಾರವಾರದಲ್ಲಿ ಕೆಂಬೇರಿ

ಹೋದ ಡಿಸೆಂಬರ್‌ನಲ್ಲಿ ಕಾರವಾರದ ಕಾಳಿ ಅಳಿವೆಯಲ್ಲಿ ಒಂದೂವರೆ ಕೆಜಿ ಆಸುಪಾಸಿನ ಕೆಂಬೇರಿ ಮೀನು ಹಿಡಿದೆ. ಗಾಳದ ರಾಡು ಏಳು ಅಡಿ, 5-20 ಗ್ರಾಂ ತೂಕದ ಗಾಳ ಎಸೆಯುವಂಥದ್ದು. ದಾರ ಸುತ್ತುವ ರೀಲು 2500 ಸೈಜಿನದು, ಅಂದ್ರೆ ಸಣ್ಣದು. ಬ್ರೇಡ್, ಅಂದ್ರೆ ಹೆಣೆದ ದಾರ, ಎಂಟು ಪೌಂಡು ತಡೆಯುವಂಥದ್ದು, ಅದರ ತುದಿಗೆ ಕಟ್ಟುವ ಲೀಡರ್ ದಾರ ಇಪ್ಪತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಕ್ಕವರು ಬಹಳ ಜನ ಇದ್ದಾರೆ.

ಇಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವ ಗೆಳೆಯರು, "ಕಲಬುರ್ಗ್ಯಾಗ ಸಮುದ್ರ ಯಾವಾಗ ಬಂತಪಾ?" ಅಂತ ಕಾಲೆಳೆದರು. ಅಲ್ಲಿ ಕಾರವಾರದಲ್ಲಿರುವ ನನ್ನ ಷಡ್ಡಕನ ದೋಸ್ತರು ಹತ್ತಡಿ ರಾಡು, 6000 ರೀಲು ಇಲ್ಲದೆ ಬರಲೇಬೇಡಿ ಅಂದರು. ಐನೂರು ಕಿಲೋಮೀಟರ್ ಬಸ್ಸಿನಲ್ಲಿ ಹತ್ತಡಿ ರಾಡು ಹೊತ್ತು ಹೋಗುವವನು ನಾನು, ಅವರಲ್ಲ. ನನ್ನದು ಎರಡು ತುಂಡು ಮಾಡಿದರೆ ಪಿವಿಸಿ ಪೈಪಿನೊಳಗೆ ಕೂರುತ್ತದೆ.

ಕಾರವಾರಕ್ಕೆ ಹೋದ ಮೊದಲ ಸಲ ಮಾತ್ರ ಪೂರಾ ಮಣ್ಣು ಮುಕ್ಕಿದೆ. ಸಾವಿರದ ನೂರರ ರೀಲು, ಒಂಬೈನೂರರ ರಾಡು. ಎರಡು ದಿನ ಆಡಿಸಿ, ಒರೆಸಿ, ಹಾಗೇ ಬ್ಯಾಗಿಗೆ ಹಾಕಿ ರಾತ್ರಿ ಬಸ್ಸು ಹತ್ತಿದೆ. ವಾರದ ಮೇಲೆ ತೆಗೆದು ನೋಡಿದರೆ ರೀಲಿನಲ್ಲಿ ದಾರ ಹಾಯುವ ಪುಟ್ಟ ಗಾಲಿ, ಲೈನ್ ರೋಲರ್, ಅಲುಗಾಡುತ್ತಿಲ್ಲ. ರೋಲರ್ ತಿರುಗದಿದ್ದರೆ ದಾರ ಅದರ ಮೇಲೆ ಉಜ್ಜಿಕೊಂಡೇ ಹೋಗುತ್ತದೆ, ಹೊಸ ಬ್ರೇಡು ಹತ್ತಿಯ ಹಾಗೆ ನುಗ್ಗಾಯಿತು. ರಾಡಿನ ಮೇಲೆ ದಾರ ಹಾಯುವ ಬಳೆಗಳ (ಗೈಡ್) ಕಾಲಿಗೆ ತುಕ್ಕು ಬೇರೆ. ಬಸ್ ಚಾರ್ಜು ಸೇರಿ ನಾಲ್ಕೂವರೆ ಸಾವಿರ ಹೋಯಿತು, ಹಿಡಿದ ಮೀನು ಒಂದು, ಅದೂ ಅಂಗೈಯಷ್ಟು.

ಆಗ ತಲೆಗೆ ಬಂದದ್ದು, ಉಪ್ಪೇ ತಾನೇ ಬೇಕಾದ್ದು, ಅದಕ್ಕೆ ಕಾರವಾರಕ್ಕೆ ಯಾಕೆ ಹೋಗಬೇಕು? ಸಮುದ್ರದ ನೀರಿನಲ್ಲಿ ಲೀಟರಿಗೆ ಹೆಚ್ಚುಕಮ್ಮಿ 35 ಗ್ರಾಂ ಉಪ್ಪು. ಹತ್ತು ಲೀಟರ್ ಬಕೆಟ್ಟಿಗೆ ಮುನ್ನೂರೈವತ್ತು ಗ್ರಾಂ ಕಲ್ಲುಪ್ಪು ಕರಗಿಸಿದೆ. ಎರಡು ಅಗ್ಗದ ರೀಲು ತಂದು ಮೂರು ರಾತ್ರಿ ಮುಳುಗಿಸಿಟ್ಟೆ, ಹಗಲು ಮಾಳಿಗೆ ಮೇಲೆ ಒಣಗಿಸಿದೆ. ಒಂದನ್ನು ದಿನಾ ತೊಳೆದೆ, ಇನ್ನೊಂದನ್ನು ಮುಟ್ಟಲಿಲ್ಲ. ಮನೆಯವಳು ಬಂದು ಬಕೆಟ್ ಇಣುಕಿ, "ರೀಲಿನ ಉಪ್ಪಿನಕಾಯಿ ಹಾಕ್ಲತ್ತೀರೇನ್ರಿ?" ಅಂದಳು.

ಮುಟ್ಟದೆ ಬಿಟ್ಟದ್ದು ಮೂರನೇ ದಿನಕ್ಕೇ ಕಿರ್ ಕಿರ್ ಅಂದಿತು. ರೀಲಿಗೆ ದಾರ ಸುತ್ತಿಸುವ ತಂತಿ, ಬೇಲ್ ಆರ್ಮ್, ಅದರ ಸ್ಕ್ರೂ ಸುತ್ತ ಬಿಳಿ ಹರಳು, ಉಗುರಿನಿಂದ ಕೆರೆದರೂ ಏಳಲಿಲ್ಲ. ಆದರೆ ತೊಳೆದದ್ದೂ ಪೂರಾ ಪಾಸಾಗಲಿಲ್ಲ. ತಪ್ಪು ನನ್ನದೇ, ನಲ್ಲಿ ಪೈಪು ಹಿಡಿದು ಜೋರಾಗಿ ಬಿಟ್ಟಿದ್ದೆ, ಹೊರಗಿನ ಉಪ್ಪು ಬೇರಿಂಗ್ ಒಳಗೆ ಹೋಗಿತ್ತು. ಈಗ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಜಾರಲು ಬಿಡುವ ಬ್ರೇಕು) ಬಿಗಿ ಮಾಡಿ, ಚೊಂಬಿನಲ್ಲಿ ಮೆಲ್ಲಗೆ ನೀರು ಸುರಿದು, ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಬಿಟ್ಟು ಇಡುತ್ತೇನೆ. ರೋಲರ್‌ಗೆ ಒಂದು ಹನಿ ಎಣ್ಣೆ. ನಮ್ಮ ಬೋರ್‌ವೆಲ್ ನೀರೂ ಗಡಸು, ಅದರದ್ದೇ ಬಿಳಿ ಕಲೆ ಕೂರುತ್ತದೆ, ಹಾಗಾಗಿ ಕೊನೆಯ ಚೊಂಬು ಫಿಲ್ಟರ್ ನೀರು.

ಇಷ್ಟಾದ ಮೇಲೆ ಮೂರು ಸಾವಿರ ಚಿಲ್ಲರೆಗೆ ಒಳ್ಳೆ ರೀಲು, ಎರಡೂಮುಕ್ಕಾಲು ಸಾವಿರಕ್ಕೆ ರಾಡು ತಗೊಂಡೆ. ಡ್ರ್ಯಾಗ್ ನೋಡಲು ಸ್ಪ್ರಿಂಗ್ ತಕ್ಕಡಿ ಇರಲಿಲ್ಲ. ಲೀಟರ್ ಬಾಟಲಿಗೆ ನೀರು ತುಂಬಿದರೆ ಒಂದು ಕೆಜಿ, ಅದನ್ನು ಮಾಳಿಗೆಯಿಂದ ಇಳಿಬಿಟ್ಟೆ. ಎಂಟು ಪೌಂಡು ಅಂದ್ರೆ ಮೂರೂವರೆ ಕೆಜಿ ಮೇಲೆ ಸ್ವಲ್ಪ, ಅದರ ಕಾಲು ಭಾಗಕ್ಕೆ ಜಾರಬೇಕು. ನಾಬ್ ಎಷ್ಟು ಬಿಗಿ ಮಾಡಿದರೂ ಬಾಟಲಿ ಜರ್ರಂತ ಕೆಳಗೇ ಹೋಯಿತು! ರೀಲೇ ಕೆಟ್ಟದ್ದು ಅಂತ ಅಂಗಡಿಯವನ ಜೊತೆ ಫೋನಿನಲ್ಲಿ ಜಗಳ ಮಾಡಿದೆ. ರಾತ್ರಿ ಸ್ಪೂಲ್, ಅಂದ್ರೆ ದಾರ ಸುತ್ತಿದ ಉರುಳೆ, ಬಿಚ್ಚಿದಾಗ ಗೊತ್ತಾಯಿತು, ಅಡಿಯಲ್ಲಿ ಮೋನೋ (ಒಂದೇ ಎಳೆಯ ನೈಲಾನ್ ದಾರ) ಸುತ್ತದೆ ನೇರ ಬ್ರೇಡ್ ಕಟ್ಟಿದ್ದೆ. ಬ್ರೇಡು ಉಂಡೆಗೆ ಉಂಡೆ ಸ್ಪೂಲಿನ ಮೇಲೆ ಗಿರಗಿರ ತಿರುಗುತ್ತಿತ್ತು. ಹತ್ತು ಸುತ್ತು ಮೋನೋ ಹಾಕಿದೆ, ಸರಿಹೋಯಿತು. ಅಂಗಡಿಯವನಿಗೆ ಇನ್ನೂ ಹೇಳಿಲ್ಲ.

ಎಸೆತ ನೋಡಲು ಶಹಾಬಾದ್ ಹತ್ತಿರ ಕಾಗಿಣಾ ನದಿ ದಂಡೆಗೆ ಹೋದೆ. ಏಳು ಗ್ರಾಂ ಜಿಗ್ ಹೆಡ್ಡು (ತೂಕದ ತಲೆಯ ಕೊಕ್ಕೆ), ಮೂರಿಂಚು ಪ್ಯಾಡಲ್ ಟೇಲು (ಬಾಲ ಆಡುವ ಮೆತ್ತನೆ ಪ್ಲಾಸ್ಟಿಕ್ ಮೀನು) ಮೂವತ್ತು ಹೆಜ್ಜೆ ಆರಾಮಾಗಿ ಹೋಯಿತು, ಎದುರುಗಾಳಿಗೆ ಇಪ್ಪತ್ತು. ಎರಡು ಮರಲ್ ಮೀನು ಸಿಕ್ಕವು. ರಾಡಿನ ತುದಿ ಮುರಿದದ್ದು ಮೀನಿಗಲ್ಲ, ವಾಪಸ್ ಬರುವಾಗ ಕಾರಿನ ಬಾಗಿಲಿಗೆ. ಎರಡಿಂಚು ಹೋಯಿತು. ಹೊಸ ಟಿಪ್ ಅಂಟಿಸಿದ ಮೇಲೆ ರಾಡು ಸ್ವಲ್ಪ ಬಿರುಸಾಯಿತು, ನಿಜ ಹೇಳಬೇಕಂದ್ರೆ ನನಗೆ ಅದೇ ಹಿಡಿಸಿತು.

ಮೇ ತಿಂಗಳಲ್ಲಿ ಇನ್ನೊಂದು ಅವಾಂತರ. 42 ಡಿಗ್ರಿ ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿ ಎರಡು ಜಾತಿಯ ಸಾಫ್ಟ್ ಬೇಟ್ (ಇಂಥವೇ ಮೆತ್ತನೆ ಪ್ಲಾಸ್ಟಿಕ್ ಮೀನುಗಳು) ಒಂದೇ ಡಬ್ಬಿಯಲ್ಲಿ ಇಟ್ಟಿದ್ದೆ, ಕರಗಿ ಅಂಟಿ ಹಲ್ವಾ ಆದವು. ಆರುನೂರು ರೂಪಾಯಿ! ಬರೀ ಸೊಟ್ಟಗಾದವನ್ನು ಬಿಸಿನೀರಲ್ಲಿ ಅದ್ದಿ ತಣ್ಣೀರಿಗೆ ಹಾಕಿದರೆ ನೆಟ್ಟಗಾಗುತ್ತವೆ, ಹರಿದ ಬಾಲ ಬಿಸಿ ಚಾಕುವಿನಿಂದ ಬೆಸೆಯಬಹುದು, ಕಿಟಕಿ ತೆಗೆದಿಟ್ಟು. ವಾಸನೆಗೆ ಅಡಿಗೆಮನೆಯ ಎರಡು ಸಾಮಾನು ಅರೆದು ಸವರುತ್ತೇನೆ. ಒಂದು ಬೆಳ್ಳುಳ್ಳಿ. ಇನ್ನೊಂದು ಹೇಳಲ್ಲ.

ಡಿಸೆಂಬರ್‌ನಲ್ಲಿ ಕಾಳಿ ಅಳಿವೆಗೆ ಹೋದಾಗ ಮೊದಲ ಮೂರು ತಾಸು ಪಫರ್ ಮೀನುಗಳದ್ದೇ ಕಾಟ, ಕತ್ತರಿ ಹಾಕಿದ ಹಾಗೆ ನನ್ನ ಬೇಟಿನ ಐದು ಬಾಲ ಕತ್ತರಿಸಿದವು. ಆಮೇಲೆ ಸಣ್ಣ ಕೊಕ್ಕರ್ ಮೀನು ಎರಡು. ಷಡ್ಡಕನ ದೋಸ್ತ ಗಡಿಯಾರ ನೋಡುತ್ತಿದ್ದ. ಇಳಿತ ಶುರುವಾಗಿ ನೀರು ಕಲ್ಲಿನ ಅಂಚಿಗೆ ಸುಳಿಯತೊಡಗಿತು, ಹತ್ತು ಗ್ರಾಂ ಜಿಗ್ ಹೆಡ್ಡಿಗೆ ಬದಲಾಯಿಸಿ ಆ ಸುಳಿಯ ಬದಿಗೇ ಬಿಟ್ಟೆ. ತಳ ಮುಟ್ಟಿತು, ಎರಡು ಸಲ ಎತ್ತಿದೆ, ಮೂರನೆಯದಕ್ಕೆ ರಾಡು ಹಿಡಿಕೆವರೆಗೆ ಬಾಗಿತು. ಕೆಂಬೇರಿ ಕಲ್ಲಿನ ಸಂದಿಗೇ ನುಗ್ಗುವುದು, ಡ್ರ್ಯಾಗ್ ನಂಬಿ ಕೂತರೆ ಹೋಯಿತು ಅಂತಲೇ ಲೆಕ್ಕ. ಸ್ಪೂಲಿನ ಅಂಚಿಗೆ ಬೆರಳು ಒತ್ತಿ ಹಿಡಿದೆ, ಚರ್ಮ ಸುಟ್ಟಿತು. ದಾರ ತುಂಡಾಗಲಿಲ್ಲ.

ದೋಸ್ತ ರಾಡು ಇಸಿದುಕೊಂಡು ಬಾಗಿಸಿ ನೋಡಿದ, "ಇದೆಷ್ಟು ಬಿತ್ತು?" ಅಂದ. ರಾಡು, ರೀಲು, ದಾರ ಸೇರಿ ಏಳು ಸಾವಿರದ ಹತ್ತಿರ, ಬಕೆಟ್ಟಿನಲ್ಲಿ ಕೊಂದ ಎರಡು ರೀಲು ಬೇರೆ ಅಂದೆ. ರಾತ್ರಿ ಷಡ್ಡಕನ ಮನೆಯಲ್ಲಿ ಸಾರು ಕುದಿಯುವಾಗ ನಾನು ಬಚ್ಚಲಲ್ಲಿ ಚೊಂಬು ಹಿಡಿದು ಕೂತಿದ್ದೆ. "ಅಣ್ಣಾರ, ಮೊದಲ ಊಟ ಮಾಡ್ರಿ" ಅಂತ ಅವನು ಮೂರು ಸಲ ಕರೆದ. ಬೆರಳಿನಿಂದ ತಳ್ಳಿದೆ, ರೋಲರ್ ತಿರುಗಿತು. ಆಮೇಲೇ ಎದ್ದೆ.