ಸೆನ್ಸರ್ ಕಲೆ ಕೊನೆಗೂ ನಾನೇ ತೆಗೆದೆ

"ಸೆನ್ಸರ್ ಮುಟ್ಟಬೇಡ, ಕ್ಯಾಮೆರಾನೇ ಹೋಗುತ್ತೆ" ಅಂತ ಹೇಳದವರಿಲ್ಲ. ಮುಟ್ಟಿದೆ, ಏನೂ ಆಗಲಿಲ್ಲ. ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್, ನಾವು ಒರೆಸುವುದು ಅದರ ಮೇಲಿರುವ ಫಿಲ್ಟರ್ ಗಾಜನ್ನು ಮಾತ್ರ ಅಲ್ವಾ? ಈಗ ಎಫ್/16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ (ಧೂಳು ಎದ್ದು ಕಾಣುವುದೇ ಆಗ), ಬರೀ ಆಕಾಶ ತೆಗೆದರೂ ಒಂದು ಚುಕ್ಕೆ ಇಲ್ಲ.

ಮೊದಲು ನನಗೆ ಅನುಮಾನ ಇದ್ದದ್ದು ಲೆನ್ಸ್ ಮೇಲೆ. ಮೂರು ಲೆನ್ಸ್ ಬದಲಾಯಿಸಿದರೂ ಚುಕ್ಕೆಗಳು ಅದೇ ಜಾಗದಲ್ಲಿ. ಆದರೂ ಸಮಾಧಾನವಿಲ್ಲ. 200 ಎಂಎಂ ಲೆನ್ಸಿನ ಮುಂದಿನ ಗಾಜಿಗೆ ಸಾಸಿವೆಯಷ್ಟು ಕಪ್ಪು ಕಾಗದ ಅಂಟಿಸಿ ಎಫ್/2.8ರಲ್ಲಿ ತೆಗೆದು ನೋಡಿದೆ. ಫೋಟೋದಲ್ಲಿ ಅದರ ಸುಳಿವೇ ಇಲ್ಲ! ಲೆನ್ಸ್ ಒರೆಸುವುದನ್ನು ಅವತ್ತೇ ಬಿಟ್ಟೆ.

ಒಮ್ಮೆ ಸರ್ವಿಸ್‌ಗೂ ಕೊಟ್ಟೆ. ಹತ್ತು ದಿನ ಕ್ಯಾಮೆರಾ ಇಲ್ಲ, ಆ ದುಡ್ಡಿಗೆ ಸೆನ್ಸರ್ ಒರೆಸುವ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿಗಳು, ಅಂದರೆ ಸ್ವಾಬ್, ಸುಮಾರು ಮೂವತ್ತು ಬರುತ್ತಿತ್ತು, ವಾಪಸ್ ಬಂದಾಗ ಮೂಲೆಯ ಎರಡು ಚುಕ್ಕೆ ಹಾಗೇ ಇದ್ದವು. ಹೊಟ್ಟೆ ಉರಿಯಿತು.

ಕೈಯಲ್ಲಿ ಅದುಮಿ ಗಾಳಿ ಊದುವ ರಬ್ಬರ್ ಬ್ಲೋವರ್‌ನಿಂದ ಅರ್ಧದಷ್ಟು ಧೂಳು ಹೋಯಿತು. ಉಳಿದದ್ದು ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ, ಅಂದರೆ ಶಟರ್ ಕಡೆಯಿಂದ ಸಿಡಿದ ಎಣ್ಣೆ, ಅದು ಗಾಳಿಗೆ ಜಗ್ಗುವುದಿಲ್ಲ. ಒತ್ತಿ ತುಂಬಿದ ಡಬ್ಬಿಯ ಗಾಳಿ ಹೊಡೆದದ್ದು ದೊಡ್ಡ ತಪ್ಪು, ಒಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಮಂಜಿನಂಥ ಕಲೆ ಕೂತಿತು. ಕಿವಿಗೆ ಹಾಕುವ ಹತ್ತಿಕಡ್ಡಿಯೂ ಎಳೆ ಬಿಟ್ಟುಹೋಯಿತು. ಆಮೇಲೆ ಸ್ವಾಬ್ ತರಿಸಿದೆ. ನನ್ನದು ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರ್, ಬಂದದ್ದು ದೊಡ್ಡ ಫುಲ್ ಫ್ರೇಮ್ ಸೆನ್ಸರಿನ 24 ಎಂಎಂ. ಇಡೀ ಪ್ಯಾಕೆಟ್ ದಂಡ. 16 ಎಂಎಂ ಸ್ವಾಬ್ ಮತ್ತೆ ತರಿಸಬೇಕಾಯಿತು.

ಅದರಲ್ಲೂ ನಾಲ್ಕು ಸುಮ್ನೆ ಹಾಳಾದವು, ಯಾಕಂದ್ರೆ ಫೋಟೋದ ಮೇಲ್ಗಡೆ ಕಾಣುವ ಚುಕ್ಕೆಯನ್ನು ನಾನು ಸೆನ್ಸರಿನ ಮೇಲ್ಗಡೆಯೇ ಉಜ್ಜುತ್ತಿದ್ದೆ. ಲೆನ್ಸ್ ಕೂರಿಸುವ ಮೌಂಟ್ ಕಡೆಯಿಂದ ನೋಡಿದರೆ ಅದು ಕೆಳಗಿರುತ್ತದೆ. ಎಡ ಬಲ ಮಾತ್ರ ಬದಲಾಗುವುದಿಲ್ಲ.

ಕೊನೆಗೆ ಗೆದ್ದದ್ದು ಹೀಗೆ: ಮೊದಲು ಕ್ಯಾಮೆರಾ ಬೋರಲು ಹಿಡಿದು ಬ್ಲೋವರ್, ಆಮೇಲೆ ಸ್ವಾಬಿನ ಒಂದು ಮೈಯಿಂದ ಆ ಕಡೆಗೆ ಒಂದೇ ಎಳೆತ, ಇನ್ನೊಂದು ಮೈಯಿಂದ ಈ ಕಡೆಗೆ, ಸ್ವಾಬ್ ಕಸಕ್ಕೆ. ಮತ್ತೆ ಎಫ್/22ರಲ್ಲಿ ಫೋಕಸ್ ಪೂರ್ತಿ ತಪ್ಪಿಸಿ ಬಿಳಿ ಗೋಡೆಯ ಫೋಟೋ. ಮೂರನೇ ಸುತ್ತಿಗೆ ಎಲ್ಲ ಹೋಯಿತು. ಸ್ವಾಬಿಗೆ ಹಾಕುವ ಕ್ಲೀನಿಂಗ್ ದ್ರವ ಎಷ್ಟು ಹನಿ, ಹಾಕಿ ಎಷ್ಟು ಹೊತ್ತು ಕಾಯಬೇಕು ಅನ್ನುವುದರಲ್ಲೇ ಗುಟ್ಟಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಆಮೇಲೆ ಗೆಳೆಯರ ಹನ್ನೊಂದೋ ಹನ್ನೆರಡೋ ಕ್ಯಾಮೆರಾ ಮಾಡಿಕೊಟ್ಟಿದ್ದೇನೆ, ಒಂದಕ್ಕೂ ಗೀರು ಬಿದ್ದಿಲ್ಲ. ಮುಟ್ಟಬೇಡ ಅಂತ ಎಲ್ಲರಿಗಿಂತ ಜಾಸ್ತಿ ಹೆದರಿಸಿದವರೇ ಮೊದಲು ತಂದುಕೊಟ್ಟರು. ಬ್ಯಾಟರಿ ಪೂರ್ತಿ ಚಾರ್ಜ್ ಇಲ್ಲದಿದ್ದರೆ ನಾನು ಕೈ ಹಾಕುವುದೇ ಇಲ್ಲ. ಮಧ್ಯದಲ್ಲಿ ಚಾರ್ಜ್ ಮುಗಿದು ಸ್ವಾಬ್ ಮೇಲೆ ಶಟರ್ ಮುಚ್ಚಿಕೊಂಡರೆ ಆ ಖರ್ಚು ಯಾರಿಗೂ ಬೇಡ.