ಉಸಿರು ಕಟ್ಟಿದ ಸೀಟು, ಬಳ್ಳಾರಿಯ ಕೆಂಧೂಳು

ಕಾರಿನ ಕುಶನ್ ಕೆಲಸಕ್ಕೆ ಬರುವ ಮೊದಲು ನಾನು ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಆರು ವರ್ಷ ಹೊಲಿಗೆ ಮಿಷಿನ್ನಿನ ಮುಂದೆ ಕುಳಿತಿದ್ದೆ. ದಪ್ಪ ಬಟ್ಟೆಯ ನಾಲ್ಕು ಪದರ ಕೂಡುವಲ್ಲಿ ಸೂಜಿ ಮುರಿಯದಂತೆ, ದಾರ ಸಡಿಲಾಗದಂತೆ ಹೊಲಿಯುವುದನ್ನು ಅಲ್ಲಿ ಕಲಿತಿದ್ದರಿಂದ ರೆಕ್ಸಿನ್ ಮತ್ತು ಚರ್ಮದ ಕೆಲಸ ಬೇಗ ಕೈಗೆ ಹತ್ತಿತು. ಈ ಹದಿನೈದು ವರ್ಷಗಳಲ್ಲಿ ನೂರಾರು ಕಾರುಗಳಿಗೆ ಸೀಟು ಹೊಲಿದಿದ್ದೇನೆ. ಆದರೆ ಹೊಲಿಗೆಯನ್ನೇ ಹಾಕದೆ ಮಾಡಿದ ಒಂದು ಕೆಲಸ ನನಗೆ ಹೆಚ್ಚು ಕಲಿಸಿತು.

ಕಳೆದ ಏಪ್ರಿಲ್‌ನಲ್ಲಿ ಸಂಡೂರಿನ ಕಡೆಯ ಗ್ರಾಹಕರೊಬ್ಬರು ಯುರೋಪಿನ ಕಂಪನಿಯೊಂದರ ಎಸ್ಟೇಟ್ ಕಾರನ್ನು ತಂದು ನಿಲ್ಲಿಸಿದರು. ಎಸ್ಟೇಟ್ ಎಂದರೆ ಸೆಡಾನ್ ಕಾರಿನ ಸೂರನ್ನು ಕೊನೆಯವರೆಗೂ ಎಳೆದು, ಡಿಕ್ಕಿಯನ್ನು ಒಳಾಂಗಣಕ್ಕೇ ಸೇರಿಸಿದ ಕಾರು. 1990ರ ದಶಕದಲ್ಲಿ ಟಾಟಾ ಎಸ್ಟೇಟ್ ನಮ್ಮ ರಸ್ತೆಗಳಲ್ಲಿ ಓಡಾಡಿತ್ತು. ದುಬಾರಿ ವರ್ಗದಲ್ಲಿ ವೋಲ್ವೊ ವಿ90 ಕ್ರಾಸ್ ಕಂಟ್ರಿ 2017ರಲ್ಲಿ ಭಾರತಕ್ಕೆ ಬಂತು. ಆದರೂ ನಮ್ಮ ಭಾಗದಲ್ಲಿ ಇಂತಹ ಕಾರು ಕಣ್ಣಿಗೆ ಬೀಳುವುದು ಅಪರೂಪ. ಅದರ ಬಿಸ್ಕತ್ತು ಬಣ್ಣದ ಚರ್ಮ, ಮೆರುಗೆಣ್ಣೆ ಬಳಿಯದೆ ನಾರು ಕೈಗೆ ಸಿಗುವಂತೆ ಬಿಟ್ಟ ಮರದ ಪಟ್ಟಿ, ಬಾಗಿಲಿನ ಒಳಬದಿಯವರೆಗೂ ಒಂದೇ ಅಳತೆಯಲ್ಲಿ ಸಾಗಿದ ಹೊಲಿಗೆ, ಇವನ್ನು ಕಂಡು ಬಹಳ ಹೊತ್ತು ಸುಮ್ಮನೆ ನೋಡುತ್ತಾ ನಿಂತೆ.

"ಸೀಟಿನ್ಯಾಗ ತಂಪು ಬರಾಣಿಲ್ರಿ. ಹೆಂಗೂ ಹೊಲಸಾಗ್ಯಾವ, ಮ್ಯಾಲೆ ಛಲೋ ಕವರ್ ಹೊಲಿದು ಹಾಕಿಬಿಡ್ರಿ" ಎಂದರು. ಅವರ ವಯಸ್ಸಾದ ತಾಯಿಯನ್ನು ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದೊಯ್ಯಬೇಕಿತ್ತು. ಸುಮಾರು 300 ಕಿಲೋಮೀಟರ್ ದಾರಿಯಲ್ಲಿ ಆ ತಾಯಿಯ ಬೆನ್ನು ಬೆವತು ಅಂಟುತ್ತಿತ್ತು.

ಕವರ್ ಹೊಲಿಯಲು ನಾನು ಒಪ್ಪಲಿಲ್ಲ. ಇಂತಹ ಸೀಟಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಅಡಗಿರುತ್ತದೆ. ಅಪಘಾತದ ಕ್ಷಣದಲ್ಲಿ ಅದು ಬಿರಿದು ಬರಲೆಂದು ಆ ಅಂಚಿನ ಹೊಲಿಗೆಯನ್ನು ಬೇಕೆಂದೇ ಸುಲಭವಾಗಿ ಹರಿಯುವಂತೆ ಹಾಕಿರುತ್ತಾರೆ. ಜೀನ್ಸಿನಲ್ಲಿ ಹರಿಯದ ಹೊಲಿಗೆಯೇ ಒಳ್ಳೆಯ ಹೊಲಿಗೆಯೆಂದು ಕಲಿತ ನನಗೆ ಇದನ್ನು ತಿಳಿದ ದಿನ ಆದ ಬೆರಗು ಇನ್ನೂ ನೆನಪಿದೆ. ಅದರ ಮೇಲೆ ದಪ್ಪ ರೆಕ್ಸಿನ್ ಎಳೆದು ಬಿಗಿದರೆ ಜೀವ ಉಳಿಸುವ ಚೀಲಕ್ಕೆ ನಾವೇ ಬಾಯಿ ಕಟ್ಟಿದಂತೆ. ಎರಡನೆಯದಾಗಿ, ಈ ಚರ್ಮದಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಸೀಟಿನೊಳಗಿನ ಪುಟ್ಟ ಫ್ಯಾನು ಆ ರಂಧ್ರಗಳ ಮೂಲಕ ಗಾಳಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಮೈಯ ಬೆವರಿನ ತೇವವೂ ಅದರೊಂದಿಗೆ ಹೋಗುವುದರಿಂದ ಬೆನ್ನಿಗೆ ತಂಪೆನಿಸುತ್ತದೆ. ಅಲ್ಲಿ ಕವರ್ ಹಾಕಿದರೆ ಫ್ಯಾನು ಇದ್ದೂ ಇಲ್ಲದಂತೆ.

ಫ್ಯಾನು ಕೆಟ್ಟಿದೆಯೋ ರಂಧ್ರ ಮುಚ್ಚಿದೆಯೋ ಎಂದು ತಿಳಿಯಲು ತೆಳುವಾದ ಟಿಶ್ಯೂ ಕಾಗದವನ್ನು ಸಣ್ಣ ಚೌಕಗಳಾಗಿ ಹರಿದು ಸೀಟಿನ ತುಂಬ ಇಟ್ಟೆ. ಫ್ಯಾನು ಹಾಕಿದಾಗ ಅಂಚಿನ ಚೂರುಗಳು ಚರ್ಮಕ್ಕೆ ಅಂಟಿಕೊಂಡವು. ನಡುವಿನವು ಕೈ ಬೀಸಿದರೆ ಹಾರುತ್ತಿದ್ದವು. ಅಂದರೆ ಫ್ಯಾನು ಸರಿಯಾಗಿತ್ತು. ಬೇರೆಲ್ಲೋ ಹೊಳಪಿಗಾಗಿ ಹಚ್ಚಿಸಿದ್ದ ಎಣ್ಣೆಯಂತಹ ಪಾಲಿಶ್ ರಂಧ್ರಗಳಲ್ಲಿ ನಿಂತು, ಅದಿರು ಲಾರಿಗಳ ದಾರಿಯ ಕೆಂಧೂಳು ಅದಕ್ಕೆ ಮೆತ್ತಿ ಗಾರೆಯಂತಾಗಿತ್ತು. ಗಾಳಿಯನ್ನು ಒಳಗೆಳೆಯುವ ಸೀಟು ಧೂಳನ್ನೂ ಒಳಗೆಳೆಯುತ್ತದೆ.

ಇಲ್ಲಿ ಅವಸರ ಮಾಡಬಾರದು. ಹಿಂದೊಮ್ಮೆ ಬೇರೊಂದು ಕಾರಿಗೆ ಕಂಪ್ರೆಸರಿನಿಂದ ಗಾಳಿ ಹೊಡೆದಿದ್ದೆ. ಧೂಳೆಲ್ಲ ಒಳಗಿನ ಫೋಮಿಗೆ ಇಳಿದು, ಇಡೀ ಸೀಟು ಬಿಚ್ಚಬೇಕಾಯಿತು. ಆದ್ದರಿಂದ ಈ ಬಾರಿ ಫ್ಯಾನು ನಿಲ್ಲಿಸಿ, ಮೃದು ಬ್ರಶ್ಶಿನ ವ್ಯಾಕ್ಯೂಮಿನಿಂದ ಧೂಳನ್ನು ಮೇಲಕ್ಕೇ ಎಳೆದೆ. ಆಮ್ಲವೂ ಕ್ಷಾರವೂ ಅಲ್ಲದ ಚರ್ಮದ ಕ್ಲೀನರನ್ನು ಸೀಟಿನ ಮೇಲೆ ಸುರಿಯದೆ, ಬಟ್ಟೆಯಲ್ಲಿ ನೊರೆ ಮಾಡಿಕೊಂಡು ಅಂಗೈಯಗಲದ ಜಾಗವನ್ನಷ್ಟೇ ಒರೆಸುವುದು, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸುತ್ತಾಡಿಸುವುದು, ಕೊಳೆ ಮೇಲೆದ್ದ ಕೂಡಲೇ ಒಣಬಟ್ಟೆಯಲ್ಲಿ ಹೀರುವುದು, ಹೀಗೆ ಎರಡು ಸೀಟಿಗೆ ಮೂರು ದಿನ ಹಿಡಿಯಿತು. ಸೂಜಿಯಿಂದ ಚುಚ್ಚಿ ತೆಗೆಯೋಣವೆಂದ ನಮ್ಮ ಹುಡುಗನನ್ನು ತಡೆದೆ. ಚರ್ಮದ ರಂಧ್ರ ಒಮ್ಮೆ ಹಿಗ್ಗಿದರೆ ಮತ್ತೆ ಕುಗ್ಗುವುದಿಲ್ಲ.

ಚಾಲಕನ ಸೀಟಿನ ಅಂಚಿನ ನೀಲಿ ಕಲೆಯನ್ನು ಮಾತ್ರ ನೋಡಿದ ಕೂಡಲೇ ಗುರುತಿಸಿದೆ. ಡೆನಿಮ್ಮಿನ ನೀಲಿ ಬಣ್ಣ ನೂಲಿನ ಒಳತಿರುಳಿಗೆ ಇಳಿಯದೆ ಮೇಲ್ಮೈಯಲ್ಲೇ ನಿಲ್ಲುತ್ತದೆ, ಆದ್ದರಿಂದಲೇ ಜೀನ್ಸ್ ತೊಳೆದಷ್ಟೂ ಮಾಸುತ್ತದೆ, ತಿಕ್ಕಿದಲ್ಲಿ ಬಣ್ಣ ಬಿಡುತ್ತದೆ. ಹೊಸ ಕಲೆಯಾದರೆ ಹೋಗುತ್ತದೆ. ಬಿಸಿಲಲ್ಲಿ ಕಾದು ಕುಳಿತ ಹಳೆಯದು ಪೂರ್ತಿ ಹೋಗುವುದಿಲ್ಲ. ಇಲ್ಲಿಯೂ ತೆಳುವಾಗಿ ಉಳಿಯಿತು. ಜೋರಾಗಿ ಉಜ್ಜಿ ಚರ್ಮದ ಮೇಲ್ಪದರ ಕಳೆಯುವುದಕ್ಕಿಂತ ಅದೇ ಲೇಸು ಎಂದು ಅವರಿಗೆ ತಿಳಿಸಿದೆ.

ಡ್ಯಾಶ್‌ಬೋರ್ಡಿನ ಟಚ್‌ಸ್ಕ್ರೀನ್ ಪರದೆಯ ಕತೆ ಬೇರೆ. ಬೆರಳಿಡದೆಯೇ ಹಾಡು ಬದಲಾಗುತ್ತದೆ ಎಂಬ ದೂರಿತ್ತು. ಆ ಪರದೆ ಕಾಣದ ಇನ್‌ಫ್ರಾರೆಡ್ ಕಿರಣಗಳಿಂದ ಸ್ಪರ್ಶವನ್ನು ಅರಿಯುವ ಬಗೆಯದು. ಅಂಚಿನಿಂದ ಅಂಚಿಗೆ ಹಾಯುವ ಕಿರಣ ಎಲ್ಲಿ ತಡೆದರೆ ಅಲ್ಲಿ ಬೆರಳಿದೆ ಎಂದು ತಿಳಿಯುತ್ತದೆ. ಚೌಕಟ್ಟಿನ ಸಂದಿಯಲ್ಲಿ ಕುಳಿತಿದ್ದ ಧೂಳನ್ನು ಒಣ ಬ್ರಶ್ಶಿನಿಂದ ತೆಗೆದ ಮೇಲೆ ಸರಿಹೋಯಿತು.

ಕೊನೆಗೆ ಹಿಂಬದಿಗೆ ಬಂದೆ. ನೆಟ್ಟಗೆ ಕತ್ತರಿಸಿದಂತಿರುವ ಬೆನ್ನಿನ ಕಾರು ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಚಕ್ರ ಎಬ್ಬಿಸಿದ ಧೂಳು ಸುತ್ತಿ ಬಂದು ಹಿಂಬಾಗಿಲಿಗೇ ಕೂರುತ್ತದೆ. ಎಸ್ಟೇಟಿನ ಹಿಂದಿನ ಗಾಜಿಗೂ ವೈಪರ್ ಇರುವುದು ಇದಕ್ಕಾಗಿಯೇ. ಸೆಡಾನಿನಲ್ಲಾದರೆ ಡಿಕ್ಕಿಗೂ ಪ್ರಯಾಣಿಕರಿಗೂ ನಡುವೆ ಅಡ್ಡವಿದೆ, ಇಲ್ಲಿಲ್ಲ. ಹಿಂಬಾಗಿಲಿನ ರಬ್ಬರ್ ಬೀಡಿಂಗ್ ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು. ಧೂಳೂ ಹಿಂದಿನ ಚಕ್ರದ ಸದ್ದೂ ಒಳಗೆ ಬರುತ್ತಿದ್ದುದು ಅಲ್ಲಿಂದಲೇ. ಅದನ್ನು ತೊಳೆದು ಮತ್ತೆ ಕೂರಿಸಿದೆ, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದ ಎಸಿ ಫಿಲ್ಟರನ್ನು ಬದಲಿಸಿದೆ.

ನಾಲ್ಕನೆಯ ದಿನ ಗ್ರಾಹಕರು ಬಂದಾಗ ಟಿಶ್ಯೂ ಚೂರುಗಳನ್ನು ಅವರ ಕೈಗೇ ಕೊಟ್ಟೆ. ಅವರೇ ಸೀಟಿನ ಮೇಲೆ ಹರಡಿ ಫ್ಯಾನು ಹಾಕಿದರು. ನಡುವಿನವೂ ಸೇರಿ ಎಲ್ಲವೂ ಅಂಟಿಕೊಂಡು ನಿಂತವು. ಎರಡು ಚೂರುಗಳನ್ನು ಮಡಚಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟುಕೊಂಡು, ತಾಯಿಯನ್ನು ಕೂರಿಸುವ ಮೊದಲು ಪ್ರತಿ ಸಲವೂ ನೋಡುವುದಾಗಿ ಹೇಳಿ ಹೊರಟರು.